ಅವ್ವ ಒದರಿದ ದಿನ

ಹಳೆಯ ಬಟ್ಟೆಗಳನ್ನು ಬೀದಿ ಕೊನೆಯ ದಾನದ ಡಬ್ಬಿಗೆ ಹಾಕುವ ಮುಂಚೆ ಜೇಬುಗಳನ್ನು ತಡಕಿ ನೋಡುವುದು ನನ್ನ ಅಭ್ಯಾಸ. ಕಳೆದ ಭಾನುವಾರ ನನ್ನ ಹಳೆಯ ರೇನ್‌ಕೋಟಿನ ಒಳಜೇಬಿನಲ್ಲಿ ಒಂದು ಮಾಸ್ಕು ಸಿಕ್ಕಿತು. ಔಷಧಿ ಅಂಗಡಿಯ ನೀಲಿ ಮಾಸ್ಕಲ್ಲ, ರವಿಕೆ ಖಣದ ಮಾಸ್ಕು. ಕುಂಕುಮದ ಬಣ್ಣ, ಅದರ ತುಂಬ ಸಾಸಿವೆ ಗಾತ್ರದ ಹೂಗಳು, ಒಂದು ಬದಿಗೆ ಹಳದಿ ಅಂಚು. ಕಿವಿಗೆ ಸಿಕ್ಕಿಸಲು ಯಾವುದೋ ಪೈಜಾಮದಿಂದ ಬಿಚ್ಚಿದ ಎಲಾಸ್ಟಿಕ್ಕು.

ಮೂಗಿಗೆ ಹಿಡಿದೆ. ನಿಂಬೆಹಣ್ಣಿನ ವಾಸನೆ ಬಂತು... ಬಂತೆಂದು ಅನಿಸಿತು. ನಮ್ಮ ಮನೆಯ ಸೋಪಿನ ಪುಡಿಗೂ ನಿಂಬೆಯದೇ ಪರಿಮಳ ಇರುವುದರಿಂದ ಇದನ್ನು ಸಾಕ್ಷ್ಯವೆಂದು ಒಪ್ಪಲಾಗದು. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಅಳತೆಯ ದೋಷಗಳ ಬಗ್ಗೆ. ಯಾರಾದರೂ ಒಂದು ಸಂಖ್ಯೆ ಹೇಳಿದರೆ ಅದು ಎಷ್ಟು ತಪ್ಪಿರಬಹುದೆಂದು ಕೇಳುವುದೇ ನನ್ನ ಕಸುಬು. ಅದೇ ಪ್ರಶ್ನೆಯನ್ನು ನೆನಪುಗಳಿಗೂ ಕೇಳುವ ಚಟ ಅಂಟಿಕೊಂಡು ಬಹಳ ನೆನಪುಗಳನ್ನು ಕಳೆದುಕೊಂಡಿದ್ದೇನೆ. ಇದೊಂದು ಮಾತ್ರ ಎಷ್ಟು ಕೇಳಿದರೂ ಜಗ್ಗದೆ ಉಳಿದಿದೆ.

ಮಾಸ್ಕು ಹೊಲಿದವರು ಪಕ್ಕದ ಮನೆಯ ಅವ್ವ.

ಹಾಲೆಂಡಿನ ಹೂಫ್‌ಡಾರ್ಪಿನ ನಮ್ಮ ಬೀದಿಯಲ್ಲಿ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ನನ್ನ ಎಡಗೋಡೆಯೇ ಪಕ್ಕದವರ ಬಲಗೋಡೆ. ಆ ಮನೆಯಲ್ಲಿ ಆಗ ಬಾಗಲಕೋಟೆ ಕಡೆಯ ಗಂಡ ಹೆಂಡತಿ ಇದ್ದರು. ಅವ್ವ ಆ ಹೆಂಡತಿಯ ತಾಯಿ. ಮಗಳ ಸಂಸಾರ ನೋಡಿಹೋಗಲು ಕೊರೋನಾ ವರ್ಷದ ಫೆಬ್ರವರಿಯಲ್ಲಿ ಬಂದರು, ಮಾರ್ಚಿನಲ್ಲಿ ಜಗತ್ತು ಬಾಗಿಲು ಹಾಕಿಕೊಂಡಿತು. ಅದೇ ಫೆಬ್ರವರಿಯಲ್ಲಿ ತಮ್ಮನ ಮದುವೆಗೆಂದು ಮೈಸೂರಿಗೆ ಹೋದ ನನ್ನ ಹೆಂಡತಿ ಅಲ್ಲೇ ಸಿಕ್ಕಿಕೊಂಡಳು. ಆ ದೇಶ ಅವಳನ್ನು ಇಟ್ಟುಕೊಂಡು ಅವ್ವನನ್ನು ಕೊಟ್ಟಂತಾಯಿತು. ಈ ವಿನಿಮಯದಲ್ಲಿ ನನಗೆ ನಷ್ಟವೇ ಆಯಿತೆಂದು ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಹೆಂಡತಿ ಇದನ್ನು ಓದುತ್ತಾಳೆ. ಊಟದ ವಿಷಯ ಬೇರೆ...

ಅವ್ವ ಅರವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಇಳಕಲ್ ಸೀರೆ, ಅದರ ಮೇಲೆ ಅಳಿಯನ ಜಾಕೆಟ್ಟು, ಕಾಲಿಗೆ ಮಗಳ ಓಟದ ಶೂಸು. ಸಂಜೆ ಕಾಲುವೆಯ ದಂಡೆಗುಂಟ ನಡೆಯುವಾಗ ಎದುರಾದ ಡಚ್ಚರು ತಮ್ಮ ಭಾಷೆಯಲ್ಲಿ ನಮಸ್ಕಾರ ಹೇಳಿದರೆ ಇವರು ಪ್ರತಿಯೊಬ್ಬರಿಗೂ "ಹೂಂ, ನೀವು ಆರಾಮ?" ಎಂದು ಕೇಳಿ ಉತ್ತರಕ್ಕೆ ನಿಲ್ಲುತ್ತಿದ್ದರು. ಡಚ್ಚರೂ ನಿಂತು ಏನೋ ಉತ್ತರ ಕೊಡುತ್ತಿದ್ದರು. ಆ ವರ್ಷ ಬೀದಿಯಲ್ಲಿ ಹೆಚ್ಚು ಮಾತಾಡಿದವರು ಬಹುಶಃ ಅವ್ವನೇ.

ಬೆಳಿಗ್ಗೆ ಗೋಡೆಯಾಚೆಯಿಂದ ಅವರು ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ನನ್ನ ಆನ್‌ಲೈನ್ ಮೀಟಿಂಗಿನಲ್ಲಿ ಸಹೋದ್ಯೋಗಿಯೊಬ್ಬ ನಿಮ್ಮ ಮನೆ ರಿಪೇರಿ ಯಾವಾಗ ಮುಗಿಯುತ್ತದೆ ಎಂದು ಕಾಳಜಿಯಿಂದ ಕೇಳಿದ್ದ. ರೊಟ್ಟಿ ಮುಗಿದ ಮೇಲೆ ಅವ್ವ ಸೌಟಿನ ಹಿಡಿಕೆಯಿಂದ ಗೋಡೆಯನ್ನು ಟಕ್ ಟಕ್ ಎಂದು ಬಡಿದರೆ ನನಗೆ ಕರೆ ಬಂತೆಂದು ಅರ್ಥ. ನಾನು ಹಿತ್ತಲಿಗೆ ಹೋಗಬೇಕು. ನಡುವಿನ ಮರದ ಬೇಲಿಯ ಮೇಲೆ ಡಬ್ಬಿ ಇರುತ್ತಿತ್ತು. ರೊಟ್ಟಿ, ಶೇಂಗಾ ಚಟ್ನಿ, ಒಮ್ಮೊಮ್ಮೆ ಝುಣಕ. ಒಂದೂವರೆ ಮೀಟರ್ ದೂರ ನಿಂತು "ತಿನ್ನು ತಮ್ಮಾ, ಒಣಗಿ ಕಡ್ಡಿ ಆಗೀದಿ" ಎನ್ನುತ್ತಿದ್ದರು. ಆಗ ನನ್ನ ತೂಕ ಈಗಿನಷ್ಟೇ ಇತ್ತು.

ಊರಿನಿಂದ ಬರುವಾಗ ಅವ್ವ ಒಂದು ಕಟ್ಟು ಖಣ ತಂದಿದ್ದರು. ಮಗಳ ಮನೆಗೆ ಬರುವ ಹೆಣ್ಣುಮಕ್ಕಳಿಗೆಲ್ಲ ಉಡಿ ತುಂಬಿ ಕಳಿಸಬೇಕು, ಬರಿಗೈಯಲ್ಲಿ ಕಳಿಸಬಾರದು ಎಂಬುದು ಅವರ ಕಡೆಯ ರೀತಿ. ಆದರೆ ಒಬ್ಬ ಹೆಣ್ಣುಮಗಳೂ ಬರಲಿಲ್ಲ. ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ಕೊನೆಗೆ ಅವ್ವ ಖಣಗಳನ್ನು ಕತ್ತರಿಸಿ ಮಾಸ್ಕು ಹೊಲಿದರು. ಬೀದಿಯ ಅಂಚೆಯವನಿಗೂ ಒಂದು ಸಿಕ್ಕಿತು. ರವಿಕೆಯ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ನಾನು ಸೂಪರ್ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ಆರಿಸುತ್ತಿದ್ದೆ. ಮೈಸೂರಿನ ಹೆಂಡತಿಗೆ ಫೋಟೋ ಕಳಿಸಿದಾಗ, "ತುಂಬಾ ಲಕ್ಷಣವಾಗಿ ಕಾಣ್ತಿದ್ದೀರಿ, ಒಂದು ಮೂಗುತಿ ಕಮ್ಮಿ ಅಷ್ಟೆ" ಎಂದು ಉತ್ತರ ಬಂತು.

ಒಂದು ಖಣವನ್ನು ಮಾತ್ರ ಅವ್ವ ಕತ್ತರಿಸಲಿಲ್ಲ. ಹಸಿರು ಖಣ. ಅದು ಊರಿನಲ್ಲಿದ್ದ ಕಿರಿಯ ಮಗಳದು. ಆಕೆ ಬಸುರಿ. ತಿಂಗಳು ತುಂಬುತ್ತ ಬಂದಾಗ ಹಸಿರು ಸೀರೆ, ಹಸಿರು ಖಣ, ಹಸಿರು ಬಳೆ ತೊಡಿಸಿ ಕುಬಸ, ಅಂದರೆ ಸೀಮಂತ, ಮಾಡಬೇಕು, ಆಮೇಲೆ ಚೊಚ್ಚಲ ಹೆರಿಗೆಗೆ ತವರಿಗೆ ಕರೆದುಕೊಂಡು ಬರಬೇಕು. ಆಕೆಗೆ ತಂದೆ ಇಲ್ಲ. ತವರೆಂದರೆ ಅವ್ವನೇ. ಆ ತವರು ಹೂಫ್‌ಡಾರ್ಪಿನಲ್ಲಿ ರೊಟ್ಟಿ ಬಡಿಯುತ್ತ ಕೂತಿತ್ತು.

ವಿಮಾನಗಳಿಲ್ಲದ್ದರಿಂದ ಅವ್ವ ಇಲ್ಲಿ ಉಳಿದಿದ್ದಾರೆಂದೇ ನಾನು ನಂಬಿದ್ದೆ. ಜೂನ್ ತಿಂಗಳ ಒಂದು ಸಂಜೆ ಅವರ ಮಗಳು ಬೇಲಿಯ ಹತ್ತಿರ ಬಂದು ದನಿ ತಗ್ಗಿಸಿ ನಿಜ ಹೇಳಿದಳು.

"ಸ್ಪೆಶಲ್ ಫ್ಲೈಟ್ ಒಳಗ ಎರಡು ಸರ್ತಿ ಸೀಟ್ ಸಿಕ್ಕಿತ್ತು ಸರ್. ಮೊದಲನೇ ಸರ್ತಿ ಹೊಟ್ಟಿನೋವು ಅಂದ್ಲು. ಎರಡನೇ ಸರ್ತಿ ಪ್ಯಾಕ್ ಮಾಡಿದ ಸೂಟ್‌ಕೇಸ್ ಮ್ಯಾಲೆ ಕುಂತಾಕಿ ಏಳಲೇ ಇಲ್ಲ. ಅಲ್ಲಿ ತಂಗಿಗೆ ದಿನಾ ವಿಡಿಯೋ ಕಾಲ್‌ನ್ಯಾಗ ಸುಳ್ಳು ಹೇಳ್ತಾಳ, ಇನ್ನೂ ವಿಮಾನ ಬಿಟ್ಟಿಲ್ಲ ಅಂತ. ಸೆಪ್ಟೆಂಬರ್‌ಗೆ ಡೆಲಿವರಿ ಐತಿ."

ಅವ್ವನಿಗೆ ವಿಮಾನದ ಭಯ. ಬರುವಾಗ ಎಲ್ಲೋ ಸಮುದ್ರದ ಮೇಲೆ ವಿಮಾನ ಕುಲುಕಾಡಿತ್ತಂತೆ. ನಾಲ್ಕೈದು ನಿಮಿಷ ಕುಲುಕಾಡಿರಬಹುದು. ಅವ್ವನ ಲೆಕ್ಕದಲ್ಲಿ ಅದು ಇನ್ನೂ ನಿಂತಿರಲಿಲ್ಲ. ಊರಿಗೆ ಹಡಗಿನಲ್ಲಿ ಹೋಗುತ್ತೇನೆ ಎಂದು ಹಟ ಹಿಡಿದಿದ್ದರು. ರೈಲಿನಲ್ಲಿ ಎಲ್ಲಿಯತನಕ ಹೋಗಬಹುದೆಂದು ನನ್ನನ್ನೂ ಒಮ್ಮೆ ವಿಚಾರಿಸಿದ್ದರು. ನಾನು ಸುಮ್ಮನೆ ಕುತೂಹಲಕ್ಕೆ ಕೇಳುತ್ತಿದ್ದಾರೆಂದುಕೊಂಡು ಇಸ್ತಾಂಬುಲ್ ತನಕ ವಿವರವಾಗಿ ಹೇಳಿದ್ದೆ. ಅವ್ವ ಬಹಳ ಗಮನವಿಟ್ಟು ಕೇಳಿದ್ದರು.

ಓದಿದವನಿಗೆ ಇಂಥ ಸಂದರ್ಭದಲ್ಲಿ ಕೈ ಕಟ್ಟಿಕೊಂಡು ಕೂರಲಾಗುವುದಿಲ್ಲ. ಬೇಲಿಯ ಈಚೆ ನಿಂತು ಕಾಗದದ ಮೇಲೆ ರೆಕ್ಕೆ ಬರೆದೆ, ಗಾಳಿಗೆ ಬಾಣದ ಗುರುತು ಹಾಕಿದೆ, ಕುಲುಕಾಟಕ್ಕೂ ಬೀಳುವುದಕ್ಕೂ ಸಂಬಂಧವಿಲ್ಲವೆಂದು ಸಾಧಿಸಿದೆ. ಅವ್ವ ಪೂರ್ತಿ ಕೇಳಿದರು.

"ನೀ ಹೇಳೂದೆಲ್ಲಾ ಖರೆ ಇರಬೇಕು ತಮ್ಮಾ. ಆದ್ರ ನಿನ್ನ ಕಾಗದ ನನ್ನ ಬಾಜೂಕ ಬಂದು ಕುಂದ್ರೂದಿಲ್ಲಲ್ಲ" ಎಂದರು. ಆ ಕಾಗದದಲ್ಲಿ ರೊಟ್ಟಿ ಸುತ್ತಿಕೊಟ್ಟರು.

ಅವ್ವನನ್ನು ರೋಲರ್ ಕೋಸ್ಟರ್ ಹತ್ತಿಸುವ ಯೋಚನೆ ಯಾರದೆಂಬ ಬಗ್ಗೆ ಎರಡು ಮತಗಳಿವೆ. ಅವ್ವನ ಮಗಳ ಪ್ರಕಾರ ನನ್ನದು. ನನಗೆ ನೆನಪಿರುವುದು ಬೇರೆ. ಆ ವಾರ ಬಾಗಿಲಿಗೆ ಬಂದ ಪುಕ್ಕಟೆ ಪತ್ರಿಕೆಯಲ್ಲಿ, ಮತ್ತೆ ತೆರೆದ ಒಂದು ಸಣ್ಣ ಅಮ್ಯೂಸ್‌ಮೆಂಟ್ ಪಾರ್ಕಿನ ಜಾಹೀರಾತಿತ್ತು. ತಲೆಕೆಳಗಾಗಿ ನೇತಾಡುತ್ತಿದ್ದ ಜನರ ಚಿತ್ರವನ್ನು ಅವ್ವ ಬೇಲಿಯ ಮೇಲಿಟ್ಟು ತೋರಿಸಿದರು.

"ಇವರೇನು ತಪ್ಪು ಮಾಡ್ಯಾರು?"

"ತಪ್ಪೇನಿಲ್ಲ ಅವ್ವ. ದುಡ್ಡು ಕೊಟ್ಟು ಹತ್ತುತ್ತಾರೆ."

"ಜೀವಂತ ಇಳೀತಾರ?"

"ಇಳಿದು ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ."

ಅವ್ವ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಗ ನಾನು ಸಿದ್ಧಾಂತ ಹೇಳಿದ್ದು ನಿಜ. ವಿಮಾನಕ್ಕಿಂತ ಕೆಟ್ಟದ್ದನ್ನು ಹತ್ತಿ ಇಳಿದವರಿಗೆ ವಿಮಾನ ಏನೂ ಅನಿಸುವುದಿಲ್ಲ ಎಂದೆ. ಇದಕ್ಕೆ ಆಧಾರವೇನೆಂದು ಬೇರೆ ಯಾರಾದರೂ ಹೇಳಿದ್ದರೆ ಮೊದಲು ಕೇಳುತ್ತಿದ್ದವನು ನಾನೇ.

ಮಗಳು ಒಪ್ಪಲಿಲ್ಲ. ಹಾರ್ಟಿಗೆ ಏನಾದರೂ ಆದರೆ ಎಂದು ಹೆದರಿದಳು. "ಹಾರ್ಟ್ ಚಲೋ ಐತಿ, ತಲಿ ಅಷ್ಟ ಕೆಟ್ಟೈತಿ" ಎಂದರು ಅವ್ವ. ಮಗಳು ಡಾಕ್ಟರಿಗೆ ಫೋನು ಮಾಡಿದಳು. ಈ ದೇಶದ ಡಾಕ್ಟರುಗಳು ಏನು ಹೇಳಿದರೂ ಪ್ಯಾರಾಸಿಟಮಾಲ್ ನುಂಗಿ ಎನ್ನುತ್ತಾರೆಂದು ನಮ್ಮವರೆಲ್ಲರ ದೂರು. ಈ ಸಲ ಅದನ್ನೂ ಹೇಳಲಿಲ್ಲವಂತೆ. ಬಿಪಿ, ಹೃದಯ ಎಲ್ಲ ಸರಿಯಿದ್ದರೆ ಹೋಗಿ ಮಜಾ ಮಾಡಿ ಬನ್ನಿ ಎಂದರಂತೆ.

ಜುಲೈಯ ಒಂದು ಶನಿವಾರ ಹೊರಟೆವು. ಅಳಿಯನಿಗೆ ಕೆಲಸವಿತ್ತೋ, ಕೆಲಸವಿದೆಯೆಂದು ಹೇಳಿದನೋ ತಿಳಿಯದು. ಮಗಳು ಕಾರು ಓಡಿಸಿದಳು. ನಾಲ್ಕೂ ಕಿಟಕಿ ತೆರೆದು, ಮೂವರೂ ಖಣದ ಮಾಸ್ಕು ಕಟ್ಟಿಕೊಂಡು ಹೆದ್ದಾರಿಯಲ್ಲಿ ಹೋಗುತ್ತಿದ್ದರೆ ಪಕ್ಕದ ಕಾರಿನವರು ನಿಧಾನ ಮಾಡಿ ನೋಡುತ್ತಿದ್ದರು.

ಪಾರ್ಕು ಹೊಲಗಳ ನಡುವೆ ಇತ್ತು. ಬಾತುಕೋಳಿಯ ಆಕಾರದ ದೋಣಿ, ಮೇಕೆಗಳಿಗೆ ಹುಲ್ಲು ತಿನ್ನಿಸುವ ಅಂಗಳ, ಪ್ಯಾನ್‌ಕೇಕಿನ ಅಂಗಡಿ, ಎಲ್ಲವೂ ಪುಟ್ಟ ಮಕ್ಕಳಿಗೆ. ಅದರ ಹಿಂದೆ, ಬೇರೆ ಯಾರಿಗೋ ಕಳಿಸಿದ್ದನ್ನು ತಪ್ಪಿ ಇಲ್ಲಿ ಇಳಿಸಿಹೋದಂತೆ, ಒಂದು ಕಬ್ಬಿಣದ ರಾಕ್ಷಸ. ಏರು, ಕಡಿದಾದ ಇಳಿತ, ತಲೆಕೆಳಗಿನ ಒಂದು ಸುತ್ತು, ಆಮೇಲೆ ಕಾಡಿನೊಳಗೆ ನುಗ್ಗುವ ತಿರುವುಗಳು. ಎಷ್ಟು ಎತ್ತರವಿತ್ತೆಂದು ಹೇಳಲಾರೆ. ನಾನು ಈ ಕಥೆ ಹೇಳಿದಾಗಲೆಲ್ಲ ಆ ಏರು ಸ್ವಲ್ಪ ಸ್ವಲ್ಪ ಬೆಳೆಯುತ್ತದೆಂದೂ, ಈಗ ಅದು ಈ ಚಪ್ಪಟೆ ದೇಶದ ಅತಿ ಎತ್ತರದ ಜಾಗವಾಗಿದೆಯೆಂದೂ ನನ್ನ ಹೆಂಡತಿ ಹೇಳುತ್ತಾಳೆ.

ಅಲ್ಲಿ 'ದಯವಿಟ್ಟು ಕಿರುಚಬೇಡಿ' ಎಂಬ ಫಲಕವಿತ್ತೆಂದು ನನ್ನ ನೆನಪು. ಕಿರುಚಿದರೆ ವೈರಸ್ಸು ಹರಡುತ್ತದೆಂದು. ಅಥವಾ ಅದು ಆಮೇಲೆ ಯಾವುದೋ ಜಪಾನಿನ ವಿಡಿಯೋದಲ್ಲಿ ನೋಡಿದ್ದಿರಬಹುದು... ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಕೂರಿಸುತ್ತಿದ್ದರು ಎಂಬುದಂತೂ ಖಚಿತ. ಒಂದೇ ಮನೆಯವರಾದರೆ ಮಾತ್ರ ಅಕ್ಕಪಕ್ಕ ಕೂರಬಹುದಿತ್ತು.

ಮಗಳು ಮೊದಲು ನೀವಿಬ್ಬರು ಹೋಗಿಬನ್ನಿ, ಕೆಳಗೆ ಒಬ್ಬರು ಇರಬೇಕು ಎಂದು ಬೆಂಚಿನ ಮೇಲೆ ಕೂತಳು. ಆಂಬುಲೆನ್ಸಿನ ನಂಬರನ್ನು ಫೋನಿನಲ್ಲಿ ತೆಗೆದಿಟ್ಟುಕೊಂಡದ್ದನ್ನು ನಾನು ನೋಡಿದೆ.

ಗಾಡಿ ಬಿಡುತ್ತಿದ್ದವಳು ಕೆಂಪು ಟೀ ಶರ್ಟು ತೊಟ್ಟ, ನಡುವಯಸ್ಸಿನ ಹೆಂಗಸು. ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿ, ಒಂದೇ ಮನೆಯವರೇ ಎಂದು ಕೇಳಿದಳು. ನಾನು ತಡವರಿಸಿದೆ. ಅವ್ವ ಏನು ಕೇಳಿದಳೆಂದರು. ಹೇಳಿದೆ.

"ಹೌದಲ್ಲ, ಒಂದ ಮನಿ. ನಡುವ ಒಂದು ಗ್ವಾಡಿ ಐತಿ, ಅಷ್ಟ."

ನಾನು ಮೊದಲರ್ಧವನ್ನು ಮಾತ್ರ ಡಚ್ಚಿಗೆ ಅನುವಾದಿಸಿದೆ.

ಆಮೇಲೆ ಅವ್ವ ಸೊಂಟದ ಸೀರೆ ಮಡಿಕೆಯಿಂದ ಒಂದು ನಿಂಬೆಹಣ್ಣು ತೆಗೆದು ಆ ಹೆಂಗಸಿನ ಮುಂದೆ ಹಿಡಿದರು. "ಗಾಲಿ ಬುಡಕ ಇಡಾಕ ಹೇಳು" ಎಂದರು ನನಗೆ. ಹಿಂದೆ ಜನ ಸಾಲಿನಲ್ಲಿ ನಿಂತಿದ್ದರು. ನನಗೆ ಇಂಥ ನಂಬಿಕೆಗಳಿಲ್ಲ. ಸ್ವಂತ ಕಾರು ಕೊಂಡಾಗಲೂ ನಿಂಬೆಹಣ್ಣನ್ನು ಶರಬತ್ತಿಗೆ ಉಪಯೋಗಿಸಿದವನು ನಾನು. ಈಗ ಹರಕು ಡಚ್ಚಿನಲ್ಲಿ, ನಮ್ಮ ದೇಶದಲ್ಲಿ ಗಾಡಿ ಹೊರಡುವ ಮುಂಚೆ ಚಕ್ರದ ಕೆಳಗೆ ಇದನ್ನು ಇಡುತ್ತೇವೆ, ಗಾಡಿ ಅದನ್ನು ತುಳಿದು ಹೊರಟರೆ ದಾರಿ ಸುಖವಾಗಿರುತ್ತದೆ ಎಂದು ವಿವರಿಸಿದೆ. "ಇಡುತ್ತೇವೆ" ಎಂದೇ ಹೇಳಿದೆ. ಬೇರೆಯವರು ಇಡುತ್ತಾರೆ ಎನ್ನಲು ವ್ಯಾಕರಣ ಗೊತ್ತಿದ್ದರೂ ಮನಸ್ಸಾಗಲಿಲ್ಲ.

ಆ ಹೆಂಗಸು ನಗಲಿಲ್ಲ. ನಿಜವಾಗಿ ಯೋಚಿಸಿದಳು. ಚಕ್ರದ ಕೆಳಗೆ ಸಾಧ್ಯವಿಲ್ಲ, ರಿಪೇರಿಯವರು ಒಪ್ಪುವುದಿಲ್ಲ ಎಂದಳು. ಕೈಯಲ್ಲೂ ಇಟ್ಟುಕೊಳ್ಳುವಂತಿಲ್ಲ ಎಂದಳು. ಆಮೇಲೆ ನಿಂಬೆಹಣ್ಣು ಇಸಿದುಕೊಂಡು, ಸ್ಯಾನಿಟೈಸರ್ ಸಿಂಪಡಿಸಿ ಕಾಗದದಿಂದ ಚೆನ್ನಾಗಿ ಒರೆಸಿ, ತನ್ನ ಮೇಜಿನ ಮೇಲೆ ಹಸಿರು ಗುಂಡಿಯ ಪಕ್ಕದಲ್ಲಿ ಇಟ್ಟಳು. "ಇಲ್ಲಿ ಇರಲಿ. ಓಡಿಸುವವಳು ನಾನೇ ತಾನೆ?"

"ಡ್ರೈವರ್ ಹತ್ರ ಐತಿ. ಸಾಕು" ಎಂದು ಅವ್ವ ತೃಪ್ತಿಯಿಂದ ಹತ್ತಿ ಕೂತರು. ಕನ್ನಡಕವನ್ನು ಅಲ್ಲಿದ್ದ ಪೆಟ್ಟಿಗೆಗೆ ಹಾಕಿದರು, ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದರು, ಮಾಸ್ಕು ಸರಿಮಾಡಿಕೊಂಡರು. ಅಲ್ಲಿ ಮಾಸ್ಕು ಹಾಕಿದವರು ನಾವಿಬ್ಬರೇ. ತೊಡೆಯ ಮೇಲೆ ಕಬ್ಬಿಣದ ಸರಳು ಬಂದು ಕೂತಿತು. ಗಾಡಿ ಹೊರಟಿತು.

ಏರು ಹತ್ತುವಾಗ ಕೆಳಗೆ ಸರಪಳಿ ಕಟಕಟ ಎನ್ನುತ್ತಿತ್ತು. ಮೇಲೆ ಹೋದಂತೆ ಹಾಲೆಂಡು ಚಾಪೆಯಂತೆ ಬಿಚ್ಚಿಕೊಂಡಿತು. ಹಸುಗಳು, ಕಾಲುವೆ, ಒಂದು ಚರ್ಚಿನ ಗೋಪುರ. ಅವ್ವ ಕೈಗಳನ್ನು ಸರಳಿನ ಮೇಲಿಟ್ಟು ತಣ್ಣಗೆ ಕೂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ತುಟಿ ಕಾಣುತ್ತಿರಲಿಲ್ಲವಾದರೂ ಖಣ ಒಳಕ್ಕೂ ಹೊರಕ್ಕೂ ಜೋರಾಗಿ ಆಡುತ್ತಿತ್ತು. ಸರಪಳಿಯ ಸದ್ದು ನಿಂತಿತು. ಆ ಒಂದು ಕ್ಷಣದಲ್ಲಿ ನನಗೆ ಹೊಳೆಯಿತು: ಇದು ಸರಿಹೋಗದಿದ್ದರೆ ಇವರು ಮತ್ತೆಂದೂ ವಿಮಾನ ಹತ್ತುವುದಿಲ್ಲ. ಅಲ್ಲಿ ಒಬ್ಬ ಹುಡುಗಿ ತಾಯಿಯಿಲ್ಲದೆ ಹೆರುತ್ತಾಳೆ. ಅದಕ್ಕೆ ಕಾರಣ ನನ್ನ ಸಿದ್ಧಾಂತ.

ಆಮೇಲೆ ಬಿದ್ದೆವು.

ಇಲ್ಲಿಂದ ಮುಂದೆ ನನ್ನ ಸಾಕ್ಷ್ಯಕ್ಕೆ ಬೆಲೆ ಕಡಿಮೆ. ಹಿಂದಿನ ಸಾಲಿನ ಡಚ್ ಹುಡುಗಿಯರು ಕಿರುಚಿದರು. ಮುಂದಿನ ಸಾಲಿನ ಬೊಕ್ಕತಲೆಯ ಗಂಡಸು ಹೋರಿಯಂತೆ ಕೂಗಿದ. ಅವ್ವ ಅಂಥ ವೇಗದಲ್ಲೂ ಕತ್ತು ತಿರುಗಿಸಿ ಹಿಂದೆ ನೋಡಿದರು, ಆಮೇಲೆ ಮುಂದೆ ನೋಡಿದರು, ಆಶ್ಚರ್ಯದಿಂದ, ಪರಿಚಿತರನ್ನು ಕಂಡವರಂತೆ. ಆಮೇಲೆ ಒದರಿದರು. ಕೂಗುವುದಕ್ಕೆ ಅವರ ಕಡೆ ಹಾಗೆನ್ನುತ್ತಾರೆ. 'ಕೂಗಿದರು' ಎಂದು ಬರೆದರೆ ಆ ಸದ್ದಿಗೆ ಮೋಸವಾಗುತ್ತದೆ. "ಯವ್ವಾ" ಎಂದು ಶುರುವಾಗಿ, "ನಿನ್ನ ಹೆಣಾ ಎತ್ಲಿ ಕೊರೋನಾ" ಎಂದು ತಿರುಗಿ, ಅಲ್ಲಿಂದ ಮುಂದೆ ಇಲ್ಲಿ ಬರೆಯಲಾಗದ ಮಾತುಗಳಾಗಿ, ತಲೆಕೆಳಗಿನ ಸುತ್ತಿನಲ್ಲಿ ವೀಸಾ ಆಫೀಸಿನವರನ್ನು ಬೈದು, ಕಾಡಿನ ತಿರುವಿನಲ್ಲಿ ಕಿರಿಯ ಮಗಳ ಹೆಸರಾಯಿತು. ಹೆಸರನ್ನು ಮತ್ತೆ ಮತ್ತೆ ಕೂಗಿದರು, ಹಿತ್ತಲಿನಿಂದ ಊಟಕ್ಕೆ ಕರೆಯುವಂತೆ...

ನಾನು ಒದರಿದೆನೋ ಇಲ್ಲವೋ ಗೊತ್ತಿಲ್ಲ. ಗಂಟಲು ಎರಡು ದಿನ ನೋಯುತ್ತಿತ್ತು. ಅದಕ್ಕೆ ಬೇರೆ ಕಾರಣಗಳೂ ಇರಬಹುದು, ಅದು ಗಂಟಲುನೋವಿನ ಕಾಲ.

ಇನ್ನೊಂದು ವಿಷಯ ಹೇಳಬೇಕು, ಹೇಳಲು ಸಂಕೋಚ. ಮೊದಲ ಇಳಿತದಲ್ಲಿ, ಸೀಟಿನಿಂದ ಮೈ ಹಗುರಾಗಿ ಎದ್ದಾಗ, ನನ್ನ ಮೂಗಿನ ಮುಂದೆ ಒಂದು ನಿಂಬೆಹಣ್ಣು ಗಾಳಿಯಲ್ಲಿ ನಿಂತಿತ್ತು. ಬೀಳುತ್ತಿರಲಿಲ್ಲ, ಹಾರುತ್ತಿರಲಿಲ್ಲ, ಸುಮ್ಮನೆ ನಿಂತಿತ್ತು. ಅವ್ವನ ಕೈ ಬಂದು ಅದನ್ನು ಹಿಡಿದು ಸೊಂಟಕ್ಕೆ ಸೇರಿಸಿಕೊಂಡಿತು. ಕೆಳಕ್ಕೆ ಬೀಳುತ್ತಿರುವ ಗಾಡಿಯಲ್ಲಿ ಹೀಗಾಗಲು ಸಾಧ್ಯವಿದೆ, ನಾನು ಆಮೇಲೆ ಲೆಕ್ಕ ಹಾಕಿ ನೋಡಿದ್ದೇನೆ. ಆದರೆ ನಿಂಬೆಹಣ್ಣು ಮೇಜಿನ ಮೇಲಿತ್ತಲ್ಲ? ಅವ್ವನ ಹತ್ತಿರ ಇನ್ನೊಂದು ಇತ್ತೇ? ಇಳಿದ ಮೇಲೆ ಕೇಳಬೇಕೆಂದುಕೊಂಡೆ. ಇಳಿದ ಮೇಲೆ ನನ್ನಿಂದ ಮಾತಾಡಲಾಗಲಿಲ್ಲ. ಸವಾರಿಯ ಫೋಟೋ ಕೊಡುವ ಕಿಟಕಿಯನ್ನು, ಅಲ್ಲಿ ಜನ ಗುಂಪು ಕಟ್ಟುತ್ತಾರೆಂದು ಮುಚ್ಚಿದ್ದರು. ವಿಜ್ಞಾನಕ್ಕೆ ಆದ ಹಾನಿ ಅಷ್ಟಿಷ್ಟಲ್ಲ.

ನಾನು ಬೆಂಚಿನ ಮೇಲೆ ಮಲಗಿದೆ. ಅವ್ವ ಪಕ್ಕದ ಬೆಂಚಿನಲ್ಲಿ ಕೂತು, ಮಾಸ್ಕು ಇಳಿಸಿ, ಡಬ್ಬಿಯಿಂದ ರೊಟ್ಟಿ ತೆಗೆದು ತಿನ್ನತೊಡಗಿದರು. ಕೆನ್ನೆಗೆ ಬಣ್ಣ ಬಂದಿತ್ತು. ಮಗಳು ಹೇಗಾಯಿತೆಂದು ಕೇಳಿದಳು.

"ಇದರಾಗ ಎಲ್ಲಾರೂ ಒದರ್ತಾರ ನೋಡವಾ. ಗಂಡಸರೂ ಒದರ್ತಾರ. ಆ ವಿಮಾನದಾಗ ಒಬ್ಬರೂ ಉಸುರಂದಿಲ್ಲ. ಅಷ್ಟು ಅಳ್ಳಾಡಾಕತ್ತಿತ್ತು, ನನ್ನ ಬಾಜೂಕಿನಾವ ಸಿನಿಮಾ ನೋಡಾಕತ್ತಿದ್ದ, ವಿಮಾನದ ಹುಡುಗಿ ಬಂದು ಜ್ಯೂಸ್ ಬೇಕೇನು ಅಂತ ಕೇಳ್ತಾಳ. ನಾವು ಸಾಯಾಕತ್ತೇವಿ ಅನ್ನೂದು ನನಗೊಬ್ಬಾಕಿಗೆ ಗೊತ್ತೈತಿ, ಇವರಿಗೆ ಹೆಂಗ ಹೇಳಲಿ ಅಂತ ಗಪ್ ಕುಂತಿದ್ದೆ. ಅದಕ್ಕ ಅಂಜಿಕಿ ಬಂದಿದ್ದು. ಬೀಳೂದಕ್ಕಲ್ಲ."

ನಾನು ಮಲಗಿದಲ್ಲಿಂದಲೇ, ಒದರಿದರೆ ಅಪಾಯದ ಪ್ರಮಾಣವೇನೂ ಬದಲಾಗುವುದಿಲ್ಲ ಎಂದೆ.

"ನೀ ಮೊದಲ ಎದ್ದು ಕುಂದ್ರು" ಎಂದರು ಅವ್ವ. ಇನ್ನೊಂದು ತುಂಡು ರೊಟ್ಟಿ ಮುರಿದು ಕೇಳಿದರು: "ವಿಮಾನದಾಗ ಒದರಿದ್ರ ಇಳಿಸ್ತಾರೇನು ತಮ್ಮಾ?"

"ಮೇಲೆ ಹೋದ ಮೇಲೆ ಇಳಿಸೋಕಾಗಲ್ಲ ಅವ್ವ."

ಅವ್ವ ರೊಟ್ಟಿ ಅಗಿಯುತ್ತ ಈ ಮಾತನ್ನೂ ಅಗಿದರು. ಆಮೇಲೆ ಕೈ ಒರೆಸಿಕೊಂಡು ಎದ್ದರು. "ಬಾ" ಎಂದರು ಮಗಳಿಗೆ.

ಎರಡನೆಯ ಸಲ ತಾಯಿ ಮಗಳು ಹೋದರು. ನಾನು ಕೆಳಗೆ ಕನ್ನಡಕ, ಡಬ್ಬಿ, ಕಾರಿನ ಕೀಲಿ ಹಿಡಿದು ನಿಂತೆ. ದೂರದಿಂದ ಎರಡು ಖಣದ ಚುಕ್ಕೆಗಳು ಏರು ಹತ್ತಿ, ನಿಂತು, ಮಾಯವಾದವು. ಬಾಗಲಕೋಟೆಯ ದನಿ ಒಂದಲ್ಲ, ಎರಡು ಕೇಳಿದವು. ಮಾರ್ಚಿನಿಂದ ತಾಯಿಯನ್ನೂ ಆಫೀಸನ್ನೂ ಊರಿನಲ್ಲಿದ್ದ ತಂಗಿಯ ಅಳುವನ್ನೂ ಸುಮ್ಮನೆ ತೂಗಿಸುತ್ತಿದ್ದ ಆ ಹುಡುಗಿ ಇಳಿಯುವಾಗ ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವುದು ಕಷ್ಟವಿತ್ತು. ಕೆಂಪು ಟೀ ಶರ್ಟಿನ ಹೆಂಗಸು ಹೆಬ್ಬೆರಳೆತ್ತಿ ನಿಂಬೆಹಣ್ಣನ್ನು ವಾಪಸು ಕೊಟ್ಟಳು. ಅವ್ವ ಅದನ್ನು ಅವಳ ಕೈಗೇ ತಿರುಗಿ ಒತ್ತಿದರು. "ಇಟ್ಕೋ. ನೀ ದಿನಾ ಗಾಡಿ ಬಿಡಾಕಿ."

ಅಂದು ರಾತ್ರಿ ಗೋಡೆಯಾಚೆ ಫೋನಿನಲ್ಲಿ ಅವ್ವ ಗಟ್ಟಿಯಾಗಿ ಹೇಳುವುದು ನನಗೂ ಕೇಳಿಸಿತು: "ವಿಮಾನ ಬಿಟ್ಟಾರಂತವಾ. ಬರ್ತೇನಿ."

ಆಗಸ್ಟಿನಲ್ಲಿ ಸೀಟು ಸಿಕ್ಕಿತು. ಬಿಡಲು ಬಂದವರು ಏರ್‌ಪೋರ್ಟಿನ ಒಳಗೆ ಬರುವಂತಿರಲಿಲ್ಲ. ಸ್ಖಿಪೋಲಿನ ಬಾಗಿಲಲ್ಲಿ, ಜನರೇ ಇಲ್ಲದ ಆ ದೊಡ್ಡ ಜಾಗದಲ್ಲಿ, ಅವ್ವ ಒಬ್ಬರೇ ಸೂಟ್‌ಕೇಸು ತಳ್ಳಿಕೊಂಡು ಹೋದರು. ಹಸಿರು ಖಣ ಸೂಟ್‌ಕೇಸಿನಲ್ಲಿರಲಿಲ್ಲ. ಅದು ಕಳೆದುಹೋದೀತೆಂದು ಕೈಚೀಲದಲ್ಲಿಟ್ಟುಕೊಂಡಿದ್ದರು. ಅದರ ಜೊತೆ ಒಂದು ನಿಂಬೆಹಣ್ಣೂ ಇತ್ತು. ಪೈಲಟ್‌ಗೆ ತಲುಪಿಸಲು ಗಗನಸಖಿಯ ಕೈಗೆ ಕೊಡುವುದೆಂದು ತೀರ್ಮಾನವಾಗಿತ್ತು. ತಿರುಗಿ ನೋಡಿ, "ಗ್ವಾಡಿ ಬಡಿಯಾಕ ಯಾರೂ ಇರೂದಿಲ್ಲ, ನೀನ ಹೊತ್ತಿಗೆ ಸರಿಯಾಗಿ ಉಣ್ಣು" ಎಂದರು.

ಕ್ವಾರಂಟೈನು ಮುಗಿಸಿ ಊರು ತಲುಪಿದ ಮೇಲೆ ಫೋನು ಬಂತು. ವಿಮಾನ ಮೇಲೇಳುವಾಗ ಒದರಿದರಂತೆ. ಮುಖಕ್ಕೆ ಪ್ಲಾಸ್ಟಿಕ್ಕಿನ ಗುರಾಣಿ, ಮೈಮೇಲೆ ಆಸ್ಪತ್ರೆಯ ನಿಲುವಂಗಿ, ಅದರೊಳಗೆ ಖಣದ ಮಾಸ್ಕು, ಅದರೊಳಗಿಂದ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಸರ್ದಾರ್ಜಿ ಗಾಬರಿಯಾಗಿ ನೋಡಿ, ಆಮೇಲೆ ತಾನೂ ಒದರಿದನಂತೆ. ಗಗನಸಖಿ ಓಡಿಬಂದು ಏನಾಯಿತೆಂದರೆ ಇಬ್ಬರೂ ಏನಿಲ್ಲ ಎಂದು ನೀರು ಕುಡಿದರಂತೆ. ಇದಕ್ಕೂ ಸಾಕ್ಷಿಯಿಲ್ಲ. ಆದರೆ ಕುಬಸದ ಫೋಟೋ ಬಂತು. ಹಸಿರು ರವಿಕೆ ತೊಟ್ಟ ತುಂಬು ಬಸುರಿ, ಪಕ್ಕದಲ್ಲಿ ಅವ್ವ. ಮುಂದಿನ ತಿಂಗಳು ಹೆಣ್ಣುಮಗುವಿನ ಫೋಟೋ ಬಂತು. ಮಗು ಬಾಯಿ ತೆರೆದು ಒದರುತ್ತಿತ್ತು.

ಆಮೇಲೆ ನನ್ನ ಹೆಂಡತಿ ಬಂದಳು. ಪಕ್ಕದ ಮನೆಯವರು ಬೇರೆ ಕೆಲಸ ಸಿಕ್ಕಿ ವೆಲ್ಡ್‌ಹೋವನ್ ಕಡೆ ಹೋದರು. ಹಬ್ಬಗಳಲ್ಲಿ ಅವ್ವನೊಂದಿಗೆ ಫೋನಿನಲ್ಲಿ ಮಾತಾಗುತ್ತಿತ್ತು. ಪ್ರತಿ ಸಲವೂ ಎರಡನೆಯ ನಿಂಬೆಹಣ್ಣಿನ ವಿಷಯ ಕೇಳಬೇಕೆಂದುಕೊಳ್ಳುತ್ತಿದ್ದೆ. ಅವರು ಉಂಡಿಯಾ ಎಂದು ಕೇಳುತ್ತಿದ್ದರು, ಮೊಮ್ಮಗಳ ಹಟದ ಸುದ್ದಿ ಹೇಳುತ್ತಿದ್ದರು, ನಾನು ಮರೆಯುತ್ತಿದ್ದೆ. ಅಥವಾ ಮರೆಯುತ್ತಿರಲಿಲ್ಲ. ಇಲ್ಲ ಎಂದುಬಿಟ್ಟರೆ ಎಂಬ ಹೆದರಿಕೆ ಇತ್ತೇನೋ... ಒಮ್ಮೆ ಅವರ ಮಗಳನ್ನೇ ಕೇಳಿದೆ. ಅವ್ವ ಹೊರಡುವಾಗ ಫ್ರಿಜ್ಜಿನಿಂದ ಎಷ್ಟು ನಿಂಬೆಹಣ್ಣು ತೆಗೆದುಕೊಂಡಳೆಂದು ತಾನು ನೋಡಲಿಲ್ಲ ಎಂದಳು.

ಹೋದ ಚಳಿಗಾಲದಲ್ಲಿ ಅದೇ ಮಗಳಿಂದ ಸಂದೇಶ ಬಂತು. ಅವ್ವ ಹೋದಳು, ನಿದ್ದೆಯಲ್ಲೇ, ಸುಮ್ಮನೆ. ಆ 'ಸುಮ್ಮನೆ' ಎಂಬ ಮಾತನ್ನು ನಾನು ಬಹಳ ಸಲ ಓದಿದೆ. ನಿಂಬೆಹಣ್ಣಿಗೆ ಇದ್ದವರು ಇಬ್ಬರೇ ಸಾಕ್ಷಿಗಳು. ಒಬ್ಬರು ಹೋದರು. ಉಳಿದವನ ಮಾತನ್ನು ನಂಬುವಂತಿಲ್ಲ.

ಭಾನುವಾರ ಹೆಂಡತಿ ಹೊರಗೆ ಹೋಗಿದ್ದಳು. ಅಡುಗೆಮನೆಯಲ್ಲಿ ನಿಂತು ಮಾಸ್ಕು ಕಟ್ಟಿಕೊಂಡೆ. ಎಲಾಸ್ಟಿಕ್ಕು ಹಳತಾಗಿ ಸಡಿಲವಾಗಿತ್ತು, ಒಂದು ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು. ಕಣ್ಣು ಮುಚ್ಚಿ, ಹೊಟ್ಟೆಯಿಂದ, ಆದಷ್ಟು ಗಟ್ಟಿಯಾಗಿ ಒದರಿದೆ.

ಆಮೇಲೆ ಎಡಗೋಡೆಯ ಆಚೆಯಿಂದ ಸದ್ದು ಬಂತು. ಟಕ್ ಟಕ್.

ಅಲ್ಲಿ ಈಗ ಡಚ್ ದಂಪತಿ ಇದ್ದಾರೆ, ಗಲಾಟೆ ಇಷ್ಟಪಡದವರು. ಅದು ನನಗೆ ಗೊತ್ತು. ಆದರೆ ಗೊತ್ತಾಗುವ ಹೊತ್ತಿಗೆ ನಾನು ಹಿತ್ತಲ ಬಾಗಿಲು ತೆರೆದು, ಚಪ್ಪಲಿಯಿಲ್ಲದೆ ಒದ್ದೆ ಹುಲ್ಲಿನ ಮೇಲೆ ನಡೆದು, ಬೇಲಿಯ ಹತ್ತಿರ ನಿಂತಿದ್ದೆ.